ಮಹನೀಯರ ಪರಿಚಯ: ಡಾ. ಲೆಸ್ಲಿ ಕೋಲ್ಮನ್ – ಕಣ್ಣಿಗೆ ಕಾಣದ ರೋಗವನ್ನು ಕಸಿಯಿಂದ ತೋರಿಸಿದವರು



ಈ ಮಾಲೆಯಲ್ಲಿ ನಾವು ಸಾಮಾನ್ಯವಾಗಿ ಕವಿಗಳು, ಸಂಗೀತಗಾರರು, ದಿವಾನರು, ಸ್ವಾತಂತ್ರ್ಯ ಹೋರಾಟಗಾರರು ಇವರ ಜೀವನವನ್ನು ಪರಿಚಯಿಸುತ್ತ ಬಂದಿದ್ದೇವೆ. ಈ ಸಲ ಪರಿಚಯಿಸುತ್ತಿರುವವರು ಕನ್ನಡಿಗರಾಗಿ ಹುಟ್ಟಿದವರಲ್ಲ, ಭಾರತದಲ್ಲಿ ಹುಟ್ಟಿದವರೂ ಅಲ್ಲ. ಆದರೆ ಮಲೆನಾಡಿನ ಅಡಿಕೆ ತೋಟ, ಬಾಳೆಹೊನ್ನೂರಿನ ಕಾಫಿ, ಮಂಡ್ಯದ ಕಬ್ಬು, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ ಇವುಗಳಲ್ಲಿ ಯಾವುದರ ಕಥೆ ಹೇಳಹೊರಟರೂ ಇವರ ಹೆಸರು ಬರಲೇಬೇಕು. ಹಳೇ ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರೇ ಈ ಮಹನೀಯರು.

ಇವರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ನಮ್ಮ ಮಾಸಿಕ ಸಭೆಗಳಲ್ಲಿ ನಾಡಹಬ್ಬದ ಲೆಕ್ಕಪತ್ರ ಮುಗಿದ ಮೇಲೆ ಮಾತು ತೋಟದ ಕಡೆಗೇ ತಿರುಗುತ್ತದೆ. ಪೊನ್ಕುಳಿ, ಮುತ್ತಂಗ, ಬತ್ತೇರಿ ಕಡೆಯ ಸದಸ್ಯರಲ್ಲಿ ಬಹಳ ಮಂದಿಗೆ ನೇಂದ್ರ ಬಾಳೆ, ಮೆಣಸು, ಕಾಫಿ, ಸ್ವಲ್ಪ ಏಲಕ್ಕಿ ಇದೆ. ಬಾಳೆಗೆ ಕೊಕ್ಕಾನ್ ಬಂದಿದೆ, ಏಲಕ್ಕಿಗೆ ಕಟ್ಟೆ ರೋಗ ಬಂದಿದೆ, ಯಾವ ಔಷಧ ಹೊಡೆಯಬೇಕು ಎಂಬ ಪ್ರಶ್ನೆ ಪ್ರತಿ ಸಲವೂ ಏಳುತ್ತದೆ. ಎಲ್ಲ ರೋಗಕ್ಕೂ ಔಷಧ ಏಕಿಲ್ಲ ಎಂಬುದು ಕೋಲ್ಮನ್ ಅವರ ಜೀವನವನ್ನೂ ಅವರ ನಂತರ ನಡೆದುದನ್ನೂ ಓದಿದರೆ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾದರೂ ದಯವಿಟ್ಟು ಪೂರ್ತಿ ಓದಬೇಕೆಂದು ವಿನಂತಿ.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಅವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಡಾಕ್ಟರೇಟ್ ಮಾಡಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳದು. ಗೊಬ್ಬರದಲ್ಲಿರುವ ಅಮೋನಿಯಾವನ್ನು ಗಿಡ ಹೀರಿಕೊಳ್ಳಬಲ್ಲ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅವರು ಪರೀಕ್ಷಿಸಿದರು. ಕಣ್ಣಿಗೆ ಕಾಣದ ಜೀವಿಗಳ ಕೆಲಸವನ್ನು ಅವುಗಳ ಪರಿಣಾಮದಿಂದ ಕಂಡುಹಿಡಿಯುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಬಂತು ಎನ್ನಬಹುದು.

ಆಗ ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆ ಇನ್ನೂ ಎಳೆಯದು. ಕೆನಡಾದಿಂದಲೇ ಬಂದಿದ್ದ ಅಡಾಲ್ಫ್ ಲೇಮನ್ ಎಂಬ ಕೃಷಿ ರಸಾಯನ ವಿಜ್ಞಾನಿ ಮಣ್ಣು, ಗೊಬ್ಬರಗಳ ಪರೀಕ್ಷೆಗೆ ಅಡಿಪಾಯ ಹಾಕಿದ್ದರು. ಕೀಟ ಮತ್ತು ಶಿಲೀಂಧ್ರ ರೋಗಗಳ ಕೆಲಸಕ್ಕೆ ತಜ್ಞರು ಬೇಕಾಗಿದ್ದರು. ಆ ಸ್ಥಾನಕ್ಕೆ 1908ರಲ್ಲಿ ಕೋಲ್ಮನ್ ನೇಮಕಗೊಂಡರು. ಮೂವತ್ತು ವರ್ಷ ವಯಸ್ಸಿನ ಅವರು ಬಂದದ್ದು ಭಾಷೆ ಗೊತ್ತಿಲ್ಲದ, ಬೆಳೆ ಗೊತ್ತಿಲ್ಲದ ನಾಡಿಗೆ. ಹೋಗುವಾಗ 1934. ನಡುವೆ ಬಿಡುವು ಇದ್ದರೂ ತಮ್ಮ ವಯಸ್ಸಿನ ಒಳ್ಳೆಯ ವರ್ಷಗಳನ್ನೆಲ್ಲ ಅವರು ಈ ನಾಡಿಗೇ ಕೊಟ್ಟರು.

ನಮ್ಮ ವಯನಾಡಿನವರು ಹೆಮ್ಮೆಪಡಬೇಕಾದ ಒಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಆಗ ವಯನಾಡು ಸೇರಿದ್ದ ಮಲಬಾರಿನ ಕಡೆಯವರಾದ ಕೆ. ಕುಂಞಿಕಣ್ಣನ್ ಎಂಬವರು ಕೋಲ್ಮನ್ ಅವರ ಬಳಿ ಕೀಟ ವಿಭಾಗದಲ್ಲಿ ಕೆಲಸ ಮಾಡಿ, ಮುಂದೆ ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರ ಸ್ಥಾನಕ್ಕೆ ಏರಿದ ಮೊದಲ ಭಾರತೀಯರಾದರು. ಬಯಲುಸೀಮೆಯ ಜೋಳವನ್ನು ತಿಂದು ಹಾಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯನ್ನು ಕುರಿತು ಆಗ ವಿವರವಾದ ವರದಿ ಹೊರಬಂತು. ಆ ಮಿಡತೆಯ ಕುಲಕ್ಕೆ ಇಂದಿಗೂ ಕೋಲ್ಮೇನಿಯಾ ಎಂದೇ ಶಾಸ್ತ್ರೀಯ ಹೆಸರು. 1931ರಲ್ಲಿ ಕುಂಞಿಕಣ್ಣನ್ ತೀರಿಕೊಂಡರು. ಶಿಲೀಂಧ್ರ ವಿಭಾಗದಲ್ಲಿ ಎಂ. ಜೆ. ನರಸಿಂಹನ್ ಅವರಂಥ ಸ್ಥಳೀಯ ವಿಜ್ಞಾನಿಗಳೂ ಕೋಲ್ಮನ್ ಅವರ ಜೊತೆಯಲ್ಲೇ ಬೆಳೆದರು.

ಅಡಿಕೆಯ ಕೊಳೆರೋಗ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಳೆಗಾಲ ಬಂತೆಂದರೆ ಎದೆ ನಡುಕ. ಆಷಾಢ, ಶ್ರಾವಣದ ಜಡಿಮಳೆಗೆ ಗೊನೆಯ ಕಾಯಿಗಳೆಲ್ಲ ಕೊಳೆತು ಮರದ ಬುಡಕ್ಕೆ ಉದುರುತ್ತಿದ್ದವು. ಒಂದೊಂದು ವರ್ಷ ಇಡೀ ತೋಟದ ಫಸಲೇ ಹೋಗುತ್ತಿತ್ತು. ರೈತರು ಕೈಕಟ್ಟಿ ಕುಳಿತಿರಲಿಲ್ಲ. ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮರ ಹತ್ತಿ, ಗೊನೆಗೊನೆಗೂ ಟೋಪಿಯಂತೆ ಕಟ್ಟುತ್ತಿದ್ದರು. ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿತ್ತು. ಆದರೆ ಆಳು, ಖರ್ಚು ಬಹಳ.

ಕೋಲ್ಮನ್ ಬಂದ ಹೊಸದರಲ್ಲೇ ಈ ರೋಗದ ಹಿಂದೆ ಬಿದ್ದರು. 1910ರಲ್ಲಿ ಪ್ರಕಟವಾದ ಅವರ ಪುಸ್ತಿಕೆಯಲ್ಲಿ ಇದು ಫೈಟಾಫ್ತೊರಾ ಎಂಬ ಗುಂಪಿನ ಬೂಷ್ಟಿನಿಂದ ಬರುವ ರೋಗ ಎಂದು ತೋರಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನಾಶ ಮಾಡಿ ಕ್ಷಾಮ ತಂದದ್ದು ಇದೇ ಗುಂಪಿನ ಇನ್ನೊಂದು ಜೀವಿ. ನಮ್ಮ ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗವೂ ಈ ಗುಂಪಿನದೇ.

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಾಗಲಿಲ್ಲ. ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೊ ದ್ರಾವಣವನ್ನು 1880ರ ದಶಕದಿಂದ ಸಿಂಪಡಿಸುತ್ತಿದ್ದರು. ಅದನ್ನೇ ಕೋಲ್ಮನ್ ಅಡಿಕೆ ಗೊನೆಗೆ ತಂದರು. ಆದರೆ ಫ್ರಾನ್ಸಿನ ಮಳೆಯೇ ಬೇರೆ, ತೀರ್ಥಹಳ್ಳಿಯ ಮಳೆಯೇ ಬೇರೆ. ಹೊಡೆದ ಔಷಧ ತೊಳೆದುಹೋಗಬಾರದೆಂದು ಅದಕ್ಕೆ ಅಂಟು ಸೇರಿಸುವ ಕ್ರಮವನ್ನು ಪರೀಕ್ಷಿಸಿ ರೂಢಿಗೆ ತಂದರು. ಇಂದಿಗೂ ಶಿವಮೊಗ್ಗ, ದಕ್ಷಿಣ ಕನ್ನಡ, ಕಾಸರಗೋಡಿನ ತೋಟಗಳಲ್ಲಿ ಮುಂಗಾರಿಗೆ ಮೊದಲು ಬೋರ್ಡೊ ಹೊಡೆಯುವುದು ನಡೆದೇ ಇದೆ.

ಇದರಲ್ಲಿ ಗಮನಿಸಬೇಕಾದ ಅಂಶ ಒಂದು. ಕೊಳೆರೋಗದ ಬೂಷ್ಟು ಅಡಿಕೆ ಮರದಿಂದ ಬೇರೆಯಾದ, ತನ್ನದೇ ದೇಹವುಳ್ಳ ಜೀವಿ. ಅದು ಕಾಯಿಯ ಹೊರಮೈ ಮೇಲೆ ಬಿದ್ದು, ಮೊಳೆತು, ಆಮೇಲೆ ಒಳಗೆ ನುಗ್ಗುತ್ತದೆ. ಮೇಲಿರುವಾಗಲೇ ತಾಮ್ರದ ಅಂಶ ತಗುಲಿದರೆ ಅದು ಸಾಯುತ್ತದೆ, ಕಾಯಿಗೆ ಏನೂ ಆಗುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿನಲ್ಲಿರಲಿ.

ಶ್ರೀಗಂಧಕ್ಕೆ ಬಂದ ಕುತ್ತು

1913ರಲ್ಲಿ ಕೋಲ್ಮನ್ ಕೃಷಿ ನಿರ್ದೇಶಕರಾದರು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಕಾಲಕ್ರಮದಲ್ಲಿ ಆ ಶಾಲೆ ಕಾಲೇಜಾಗಿ, ಅದೇ ನೆಲದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬೆಳೆಯಿತು.

ಆ ವೇಳೆಗೆ ಸಂಸ್ಥಾನಕ್ಕೆ ದೊಡ್ಡ ಚಿಂತೆಯಾಗಿದ್ದದ್ದು ಶ್ರೀಗಂಧ. ಟಿಪ್ಪು ಸುಲ್ತಾನರ ಕಾಲದಿಂದಲೂ ಅದು ರಾಜವೃಕ್ಷ. ಆಗ ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದಾಗಿತ್ತು. ಅದರ ಆದಾಯ ಬೊಕ್ಕಸಕ್ಕೆ ದೊಡ್ಡ ಆಸರೆ. 1914ರ ಮಹಾಯುದ್ಧದಿಂದ ಯುರೋಪಿಗೆ ಕೊರಡು ಕಳಿಸುವ ದಾರಿ ಮುಚ್ಚಿದಾಗ ಸಂಸ್ಥಾನವೇ ಎಣ್ಣೆ ತೆಗೆಯಲು ನಿಶ್ಚಯಿಸಿ, 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೇ ನಾವೆಲ್ಲ ಬಲ್ಲ ಮೈಸೂರ್ ಸ್ಯಾಂಡಲ್ ಸೋಪು ಬಂತು.

ಕಾರ್ಖಾನೆ ಬೆಳೆಯುವ ಹೊತ್ತಿಗೆ ಕಾಡಿನಲ್ಲಿ ಮರ ಸಾಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನ ಫ್ರೇಸರ್‌ಪೇಟೆ, ಅಂದರೆ ಇಂದಿನ ಕುಶಾಲನಗರದ ಹತ್ತಿರ ಮೊದಲು ಗಮನಕ್ಕೆ ಬಂದ ಈ ರೋಗಕ್ಕೆ ಸ್ಪೈಕ್ ಎಂದು ಹೆಸರಾಯಿತು. ರೋಗ ತಗುಲಿದ ಮರದ ಎಲೆ ವರ್ಷ ವರ್ಷಕ್ಕೆ ಚಿಕ್ಕದಾಗುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಕುಗ್ಗುತ್ತದೆ. ಕೊನೆಗೆ ಕಿರಿದಾದ ಬಿರುಸು ಎಲೆಗಳು ಕೊಂಬೆಯ ತುಂಬ ಮುಳ್ಳಿನಂತೆ ಸೆಟೆದು ನಿಲ್ಲುತ್ತವೆ. ಹೂವಿಲ್ಲ, ಹಣ್ಣಿಲ್ಲ. ಎರಡು ಮೂರು ವರ್ಷದಲ್ಲಿ ಮರ ಒಣಗುತ್ತದೆ. ಕೊಡಗಿನಿಂದ ಮೈಸೂರಿನ ಕಾಡುಗಳಿಗೆ ಹಬ್ಬಿ ಅದು ಲೆಕ್ಕವಿಲ್ಲದಷ್ಟು ಮರಗಳನ್ನು ತಿಂದಿತು.

ಕಾರಣ ಏನು? ಇದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ಶ್ರೀಗಂಧ ಅರೆ ಪರಾವಲಂಬಿ ಮರ ಎಂಬುದು ನಿಮಗೆ ಗೊತ್ತಿರಬಹುದು. ಅದರ ಬೇರು ಪಕ್ಕದ ಗಿಡಮರಗಳ ಬೇರಿಗೆ ಅಂಟಿಕೊಂಡು ಅಲ್ಲಿಂದ ನೀರು, ಲವಣ ಹೀರುತ್ತದೆ. ಆದ್ದರಿಂದ ನೆರೆಗಿಡ ಸರಿಯಿಲ್ಲ ಎಂದು ಕೆಲವರು, ಕಾಡ್ಗಿಚ್ಚು ಎಂದು ಕೆಲವರು, ಬರಗಾಲ ಎಂದು ಕೆಲವರು, ಮರದೊಳಗಿನ ರಸದ ಹರಿವು ಏರುಪೇರಾಗಿದೆ ಎಂದು ಇನ್ನು ಕೆಲವರು ವಾದಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟೂ ಇಲ್ಲ, ಬ್ಯಾಕ್ಟೀರಿಯಾವೂ ಕಾಣುವುದಿಲ್ಲ. ಸೋಂಕು ರೋಗವೇ ಅಲ್ಲವಾದರೆ ರೋಗದ ಮರವನ್ನು ಕಡಿದು ತೆಗೆಯುವುದರಿಂದ ಪ್ರಯೋಜನವೇನು? ಹೀಗಾಗಿ ಈ ವಾದ ಬರೀ ಪಂಡಿತರ ಚರ್ಚೆಯಾಗಿರಲಿಲ್ಲ. ಅರಣ್ಯ ಇಲಾಖೆ ಏನು ಮಾಡಬೇಕೆಂಬುದು ಇದರ ಮೇಲೆಯೇ ನಿಂತಿತ್ತು.

ಕಸಿಯ ಸಾಕ್ಷಿ

ಕೋಲ್ಮನ್ ವಾದಕ್ಕೆ ಇಳಿಯಲಿಲ್ಲ. ಮಾವಿನ ಗಿಡಕ್ಕೆ ಕಸಿ ಕಟ್ಟುವಂತೆ, ರೋಗದ ಮರದ ಚಿಗುರನ್ನು ಆರೋಗ್ಯವಾಗಿದ್ದ ಶ್ರೀಗಂಧದ ಗಿಡಕ್ಕೆ ಕಸಿ ಮಾಡಿದರು. ಕಸಿ ಕೂಡಿಕೊಂಡ ಮೇಲೆ ಕಾದರು. ಆರೋಗ್ಯವಾಗಿದ್ದ ಗಿಡದ ಸ್ವಂತ ಕೊಂಬೆಗಳಲ್ಲೂ ಸ್ಪೈಕ್ ಕಾಣಿಸಿಕೊಂಡಿತು.

ಮಣ್ಣು ಅದೇ, ಮಳೆ ಅದೇ, ನೆರೆಗಿಡ ಅದೇ. ಬದಲಾದದ್ದು ಆ ಒಂದು ತುಂಡು ಕೊಂಬೆ ಮಾತ್ರ. ಆದ್ದರಿಂದ ಕೊಂಬೆಯ ಮೂಲಕ ಏನೋ ಒಂದು ದಾಟಿದೆ, ಅದು ಗಿಡದೊಳಗೆ ಹರಡಿ ಹೆಚ್ಚುತ್ತದೆ ಎಂಬುದು ಸಿದ್ಧವಾಯಿತು. 1917ರಲ್ಲಿ ಈ ಫಲಿತಾಂಶವನ್ನು ಅವರು ಕೃಷಿ ಇಲಾಖೆಯ ಪುಸ್ತಿಕೆಯಾಗಿ ಪ್ರಕಟಿಸಿದರು. ಸ್ಪೈಕ್ ಸೋಂಕು ರೋಗ ಎಂಬುದಕ್ಕೆ ಇದೇ ಮೊದಲ ಗಟ್ಟಿ ಸಾಕ್ಷಿ.

ಹಾಗಾದರೆ ಆ ದಾಟಿದ ವಸ್ತು ಯಾವುದು? ಆ ಕಾಲದಲ್ಲಿ ಇಂಥದ್ದಕ್ಕೆ ಇದ್ದ ಹೆಸರು ಒಂದೇ, ವೈರಸ್. 1892ರಲ್ಲಿ ರಷ್ಯಾದ ಇವನೋವ್ಸ್ಕಿ, 1898ರಲ್ಲಿ ಹಾಲೆಂಡಿನ ಬೈಯರಿಂಕ್ ಇಬ್ಬರೂ ತಂಬಾಕಿನ ಎಲೆಗೆ ಬರುವ ಮಚ್ಚೆ ರೋಗವನ್ನು ಪರೀಕ್ಷಿಸಿದ್ದರು. ಬ್ಯಾಕ್ಟೀರಿಯಾ ಸಹ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ರೋಗದ ಎಲೆಯ ರಸವನ್ನು ಸೋಸಿದರೂ ಆ ರಸ ರೋಗ ಹುಟ್ಟಿಸುತ್ತಿತ್ತು. ಅಷ್ಟು ಚಿಕ್ಕದಾದ ಸೋಂಕಿಗೆ ವೈರಸ್ ಎಂಬ ಹೆಸರು ನಿಂತಿತು. ಕಣ್ಣಿಗೆ ಕಾಣದೆ, ಸಾಕಿದರೆ ಬೆಳೆಯದೆ, ಕಸಿಯಿಂದ ದಾಟುವ ಸ್ಪೈಕ್ ರೋಗವನ್ನೂ ಅದೇ ಸಾಲಿಗೆ ಸೇರಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಅವರ ಸಂಗಡಿಗರು 1920, 30ರ ದಶಕಗಳಲ್ಲಿ ಈ ರೋಗದ ಮೇಲೆ ವರ್ಷಗಟ್ಟಲೆ ದುಡಿದರು.

ಬಾಳೆಹೊನ್ನೂರು, ಮಂಡ್ಯ, ಬೀಳ್ಕೊಡುಗೆ

ಕೋಲ್ಮನ್ ಅವರ ಉಳಿದ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಕಾಫಿಗೆಂದೇ ಒಂದು ಸಂಶೋಧನಾ ಕೇಂದ್ರ ಬೇಕೆಂದು ಶ್ರಮಿಸಿ 1925ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಅದನ್ನು ನೆಲೆಗೊಳಿಸಿದರು. ನಮ್ಮ ಚುಂಡೇಲ್‌ನಲ್ಲಿರುವ ಕಾಫಿ ಸಂಶೋಧನಾ ಕೇಂದ್ರಕ್ಕೂ ಇಂದು ತಾಯಿಮನೆ ಬಾಳೆಹೊನ್ನೂರೇ. ಕನ್ನಂಬಾಡಿಯ ನೀರು ನಾಲೆಯಲ್ಲಿ ಮಂಡ್ಯದ ಕಡೆ ಹರಿಯತೊಡಗಿದಾಗ ಆ ನೀರಿಗೆ ತಕ್ಕ ಬೆಳೆ ಯಾವುದೆಂಬ ಪ್ರಶ್ನೆ ಬಂತು. ಕಬ್ಬಿನ ತಳಿಗಳ ಪರೀಕ್ಷೆ ನಡೆಸಿ, ಕಾರ್ಖಾನೆಗೆ ದಾರಿ ಮಾಡಿದವರಲ್ಲಿ ಕೋಲ್ಮನ್ ಮುಖ್ಯರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

1934ರಲ್ಲಿ ಅವರು ಕೆನಡಾಕ್ಕೆ ಮರಳಿದರು. ಅಲ್ಲಿಯೂ ಸುಮ್ಮನೆ ಕೂರದೆ ಗಿಡಗಳ ಜೀವಕೋಶಗಳ ಅಧ್ಯಯನ ಮಾಡಿದರು. 1954ರಲ್ಲಿ ನಿಧನರಾದರು. ಸ್ಪೈಕ್ ರೋಗದ ನಿಜವಾದ ಕಾರಣ ಆಗಲೂ ಕೈಗೆ ಸಿಕ್ಕಿರಲಿಲ್ಲ.

ವೈರಸ್ ಎಂದರೆ ಏನು? ಒಂದು ಕಚೇರಿಯ ಹೋಲಿಕೆ

ವೈರಸ್ ಒಳಗೆ ಏನಿದೆ ಎಂಬುದು ಹಂತ ಹಂತವಾಗಿ ತಿಳಿಯಿತು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ತಂಬಾಕಿನ ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಮರುವರ್ಷ ಇಂಗ್ಲೆಂಡಿನ ಬಾಡೆನ್ ಮತ್ತು ಪಿರಿ ಅದರಲ್ಲಿ ಪ್ರೋಟೀನ್ ಅಲ್ಲದೆ ಆರ್‌ಎನ್‌ಎ ಎಂಬ ವಸ್ತುವೂ ಇದೆ ಎಂದು ತೋರಿಸಿದರು. 1956ರಲ್ಲಿ, ಅಂದರೆ ಕೋಲ್ಮನ್ ತೀರಿಕೊಂಡ ಎರಡು ವರ್ಷಕ್ಕೆ, ಆ ಆರ್‌ಎನ್‌ಎ ಎಳೆಯೊಂದೇ ಸಾಕು, ಅದೇ ಎಲೆಗೆ ರೋಗ ತರಬಲ್ಲದು ಎಂಬುದು ಖಚಿತವಾಯಿತು. ಪ್ರೋಟೀನ್ ಬರೀ ಹೊದಿಕೆ.

ಆ ಎಳೆ ಗಿಡದೊಳಗೆ ಏನು ಮಾಡುತ್ತದೆ? ನಾನು ಗುಮಾಸ್ತನಾಗಿ ನಿವೃತ್ತನಾದವನು. ನನಗೆ ಅರ್ಥವಾದದ್ದು ಕಚೇರಿಯ ಹೋಲಿಕೆಯಿಂದ. ಅದನ್ನೇ ನಿಮ್ಮ ಮುಂದಿಡುತ್ತೇನೆ.

ಗಿಡದ ಒಂದೊಂದು ಜೀವಕೋಶವೂ ಒಂದು ಕಚೇರಿ ಎಂದುಕೊಳ್ಳಿ. ಮೂಲ ದಾಖಲೆಗಳೆಲ್ಲ ಡಿಎನ್‌ಎ ರೂಪದಲ್ಲಿ ರೆಕಾರ್ಡ್ ರೂಮಿನಲ್ಲಿ ಭದ್ರವಾಗಿವೆ. ಅವನ್ನು ಹೊರಗೆ ತರುವಂತಿಲ್ಲ. ಯಾವ ಕೆಲಸ ಆಗಬೇಕೋ ಅದರ ಮಟ್ಟಿಗೆ ಒಂದು ಕರಡು ಬರೆದು ಹೊರಗೆ ಕಳಿಸುತ್ತಾರೆ. ಆ ಕರಡೇ ಆರ್‌ಎನ್‌ಎ. ಹೊರಗಿನ ಹಾಲಿನಲ್ಲಿ ಟೈಪಿಸ್ಟರು ಸಾಲಾಗಿ ಕುಳಿತಿದ್ದಾರೆ. ಕರಡನ್ನು ಓದುತ್ತ ಓದುತ್ತ ಪ್ರೋಟೀನ್ ಎಂಬ ಪತ್ರವನ್ನು ತಯಾರಿಸುವ ಈ ಟೈಪಿಸ್ಟರಿಗೆ ವಿಜ್ಞಾನದಲ್ಲಿ ರೈಬೋಸೋಮ್ ಎಂದು ಹೆಸರು. ಎಲೆಯ ಹಸಿರು, ಬೇರಿನ ಬೆಳವಣಿಗೆ, ಕಾಯಿಯ ಪುಷ್ಟಿ ಎಲ್ಲವೂ ಇವರ ಬೆರಳ ತುದಿಯಿಂದ ಬರಬೇಕು.

ಟೈಪಿಸ್ಟರು ಸಿಕ್ಕಿದ ಕಾಗದವನ್ನೆಲ್ಲ ಟೈಪು ಮಾಡುವುದಿಲ್ಲ. ಕರಡಿನ ತಲೆಯ ಮೇಲೆ ಕಚೇರಿಯ ಮೊಹರು ಇರಬೇಕು. ಮೊಹರು ನೋಡಿ ಕರಡನ್ನು ಟೈಪಿಸ್ಟರ ಮೇಜಿಗೆ ಒಯ್ಯಲು ಜವಾನರಿದ್ದಾರೆ. ಅವರಲ್ಲಿ ಮೊಹರನ್ನು ಹಿಡಿಯುವ ಮುಖ್ಯ ಜವಾನನ ಹೆಸರು ಇಐಎಫ್ 4ಇ. ಹೆಸರು ವಿಚಿತ್ರವಾಗಿದೆ, ಆದರೆ ಕೆಲಸ ನಮಗೆ ಗೊತ್ತಿರುವುದೇ.

ಈಗ ಒಂದು ಹೇನು ಬಂದು ಎಲೆಗೆ ಸೂಜಿಯಂಥ ಬಾಯಿ ಚುಚ್ಚಿತು. ಅದರ ಜೊತೆ ವೈರಸ್ ಒಳಗೆ ಬಂತು. ವೈರಸ್ ಎಂದರೆ ಹೊದಿಕೆಯೊಳಗಿರುವ ಒಂದು ಕರಡು, ಅಷ್ಟೇ. ಅದಕ್ಕೆ ಕಚೇರಿ ಇಲ್ಲ, ರೆಕಾರ್ಡ್ ರೂಮಿಲ್ಲ, ಒಬ್ಬನೇ ಒಬ್ಬ ಟೈಪಿಸ್ಟನೂ ಇಲ್ಲ. ತಂಬಾಕಿನ ವೈರಸ್ಸಿನ ಇಡೀ ಕರಡು ಸುಮಾರು 6,400 ಅಕ್ಷರಗಳಷ್ಟು. ಹೊದಿಕೆ ಕಳಚಿದ ಕೂಡಲೇ ಅದು ಗಿಡದ ಕರಡುಗಳ ಸಾಲಿನಲ್ಲಿ ತಾನೂ ನಿಲ್ಲುತ್ತದೆ. ಟೈಪಿಸ್ಟರು ಇರುವುದು ಇಷ್ಟೇ ಮಂದಿ. ಸ್ಪರ್ಧೆ ಶುರುವಾಗುವುದು ಇಲ್ಲಿ.

ತಂಬಾಕಿನ ವೈರಸ್ಸಿನ ಕರಡಿಗೆ ಗಿಡದ ಮೊಹರಿನಂಥದ್ದೇ ಮೊಹರಿದೆ. ಜವಾನನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಾಳೆಯ ಕೊಕ್ಕಾನ್ ರೋಗದ ವೈರಸ್ ಪೋಟಿವೈರಸ್ ಎಂಬ ಗುಂಪಿಗೆ ಸೇರಿದ್ದು, ಏಲಕ್ಕಿಯ ಕಟ್ಟೆ ರೋಗದ ವೈರಸ್ ಅದರ ಬಂಧು. ಈ ಬಳಗದ ಉಪಾಯ ಬೇರೆ. ಪೋಟಿವೈರಸ್ಸುಗಳ ಕರಡಿಗೆ ಮೊಹರೇ ಇಲ್ಲ. ಬದಲಿಗೆ ತಲೆಗೆ ಒಂದು ಸಣ್ಣ ಪ್ರೋಟೀನ್ ಅಂಟಿರುತ್ತದೆ. ಅದು ನೇರವಾಗಿ ಜವಾನನ ಕೈಯನ್ನೇ ಹಿಡಿದುಕೊಳ್ಳುತ್ತದೆ. ಕೈ ಖಾಲಿಯಿಲ್ಲದ ಜವಾನ ಗಿಡದ ಕರಡುಗಳನ್ನು ಎತ್ತಿಕೊಳ್ಳುವುದು ಹೇಗೆ?

ವೈರಸ್ ಮೊದಲು ಟೈಪು ಮಾಡಿಸಿಕೊಳ್ಳುವ ಪತ್ರಗಳಲ್ಲಿ ನಕಲು ಯಂತ್ರವೊಂದು ಸೇರಿರುತ್ತದೆ. ತನ್ನ ಕರಡನ್ನು ಪ್ರತಿ ತೆಗೆಯುವ ಕಿಣ್ವ ಅದು. ಆಮೇಲೆ ಕೇಳಬೇಕೆ? ಒಂದು ಕರಡು ನೂರಾಗಿ, ಸಾವಿರಾರಾಗಿ, ಪ್ರತಿಯೊಂದೂ ಮತ್ತೆ ಟೈಪಿಸ್ಟರ ಮುಂದೆ ಸಾಲು ನಿಲ್ಲುತ್ತದೆ. ಗಿಡದ ಸ್ವಂತ ಕಾಗದಗಳು ಹಿಂದೆ ಉಳಿಯುತ್ತವೆ. ಗಿಡವೂ ಸುಮ್ಮನಿರುವುದಿಲ್ಲ. ಇಂಥ ಕಳ್ಳ ಪ್ರತಿಗಳನ್ನು ಗುರುತಿಸಿ ಕತ್ತರಿಸಿ ಹಾಕುವ ಏರ್ಪಾಡು ಅದಕ್ಕಿದೆ. ಆದರೆ ಆ ಕತ್ತರಿಯನ್ನು ಮೊಂಡು ಮಾಡುವ ಪ್ರೋಟೀನನ್ನೂ ವೈರಸ್ಸುಗಳು ಇದೇ ಟೈಪಿಸ್ಟರಿಂದ ಮಾಡಿಸಿಕೊಳ್ಳುತ್ತವೆ. ಕಚೇರಿ ಮುಚ್ಚುವುದಿಲ್ಲ, ಮುಚ್ಚಿದರೆ ವೈರಸ್ಸಿಗೂ ನಷ್ಟ. ಕಚೇರಿ ನಡೆಯುತ್ತಲೇ ಸೊರಗುತ್ತದೆ. ಎಲೆಯಲ್ಲಿ ಹಸಿರು ಮಚ್ಚೆ ಮಚ್ಚೆಯಾಗುವುದು, ಗಿಡ ಗಿಡ್ಡವಾಗುವುದು, ಗೊನೆ ಬಡವಾಗುವುದು ಇದರ ಹೊರಚಿಹ್ನೆ.

1969ರಲ್ಲಿ ಆದ ತಿದ್ದುಪಡಿ

ಮತ್ತೆ ಶ್ರೀಗಂಧಕ್ಕೆ ಬರೋಣ. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಗಿಡ್ಡ ರೋಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ವೈರಸ್ ರೋಗವೆಂದೇ ನಂಬಿದ್ದ ಆ ಗಿಡದ ಆಹಾರನಾಳಗಳಲ್ಲಿ ಗೋಡೆಯಿಲ್ಲದ ಅತಿ ಸಣ್ಣ ಬ್ಯಾಕ್ಟೀರಿಯಾದಂಥ ಜೀವಿಗಳು ಕಂಡವು. ಎರಡೇ ವರ್ಷಕ್ಕೆ, 1969ರಲ್ಲಿ, ಸ್ಪೈಕ್ ತಗುಲಿದ ಶ್ರೀಗಂಧದಲ್ಲೂ ಅಂಥವೇ ಕಂಡವು. ಒಂದಕ್ಕಿಂತ ಹೆಚ್ಚು ತಂಡಗಳು ಅದೇ ವರ್ಷ ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದವು. ಇವುಗಳನ್ನು ಈಗ ಫೈಟೊಪ್ಲಾಸ್ಮಾ ಎನ್ನುತ್ತಾರೆ. ರಸ ಹೀರುವ ಜಿಗಿಹುಳುಗಳ ಜಾತಿಯ ಕೀಟಗಳು ಇಂಥವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಮುಂದೆ ನಮ್ಮ ಕೇರಳದ ಮರಯೂರಿನ ಶ್ರೀಗಂಧದ ಕಾಡಿಗೂ ಈ ರೋಗ ತಲುಪಿತು.

ವೈರಸ್ ಆದರೇನು, ಫೈಟೊಪ್ಲಾಸ್ಮಾ ಆದರೇನು ಎಂದು ನೀವು ಕೇಳಬಹುದು. ವ್ಯತ್ಯಾಸ ದೊಡ್ಡದು. ಫೈಟೊಪ್ಲಾಸ್ಮಾ ಎಷ್ಟೇ ಚಿಕ್ಕದಾದರೂ ಅದಕ್ಕೆ ತನ್ನದೇ ಟೈಪಿಸ್ಟರಿದ್ದಾರೆ. ಅಂದರೆ ಸ್ವಂತ ರೈಬೋಸೋಮುಗಳಿವೆ. ಅದೂ ಬ್ಯಾಕ್ಟೀರಿಯಾ ಮಾದರಿಯವು. ಗಿಡದ ಜೀವಕೋಶದ ಮುಖ್ಯ ರೈಬೋಸೋಮುಗಳಿಗಿಂತ ರಚನೆಯಲ್ಲಿ ಬೇರೆ. ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಈ ಮಾದರಿಯ ಟೈಪಿಸ್ಟರ ಕೈಯನ್ನೇ ಕಟ್ಟುತ್ತದೆ. ಸ್ಪೈಕ್ ತಗುಲಿದ ಮರಕ್ಕೆ ಟೆಟ್ರಾಸೈಕ್ಲಿನ್ ಕೊಟ್ಟು ನೋಡಿದಾಗ ಮರ ಕೆಲವು ಕಾಲ ಒಳ್ಳೆಯ ಎಲೆ ಚಿಗುರಿಸಿತು. ಔಷಧದ ಪ್ರಭಾವ ಇಳಿದ ಮೇಲೆ ರೋಗ ಮರುಕಳಿಸಿತು. ಕಾಡಿನ ಮರಗಳಿಗೆಲ್ಲ ಮತ್ತೆ ಮತ್ತೆ ಔಷಧ ಕೊಡುವುದು ಆಗದ ಮಾತು. ಆದರೆ ಆ ತಾತ್ಕಾಲಿಕ ಚೇತರಿಕೆಯೇ ಒಂದು ಸಾಕ್ಷಿಯಾಯಿತು. ವೈರಸ್ಸಾಗಿದ್ದರೆ ಟೆಟ್ರಾಸೈಕ್ಲಿನ್‌ಗೆ ಹೀಗೆ ಬಗ್ಗುತ್ತಿರಲಿಲ್ಲ.

ಇದರಿಂದ ಕೋಲ್ಮನ್ ಅವರ ಕೆಲಸ ಸುಳ್ಳಾಯಿತೇ? ಆಗಲಿಲ್ಲ. ಅವರ ಕಸಿ ತೋರಿಸಿಕೊಟ್ಟದ್ದು ಒಂದೇ ಸಂಗತಿ: ರೋಗ ಗಿಡದಿಂದ ಗಿಡಕ್ಕೆ ದಾಟುತ್ತದೆ. ಅದು 1917ರಲ್ಲೂ ನಿಜ, ಇಂದಿಗೂ ನಿಜ. ವೈರಸ್ ಎಂಬ ಹೆಸರು ಆ ಕಾಲದ ಉಪಕರಣಗಳ ಮಿತಿಯಲ್ಲಿ ಇಟ್ಟದ್ದು. ಹೆಸರು ಬದಲಾಯಿತು, ಕಸಿಯ ಸಾಕ್ಷಿ ಬದಲಾಗಲಿಲ್ಲ. ಫೈಲಿನ ಮೇಲಿನ ಶೀರ್ಷಿಕೆ ತಿದ್ದಿದರೆ ಒಳಗಿನ ದಾಖಲೆ ಸುಳ್ಳಾಗುವುದಿಲ್ಲವಷ್ಟೇ.

ನಮ್ಮ ತೋಟಗಳಿಗೆ ಇದರಿಂದ ಏನು?

ಮೇಲಿನ ಮೂರು ರೋಗಗಳನ್ನು ಒಟ್ಟಿಗೆ ಇಟ್ಟು ನೋಡಿ. ಅಡಿಕೆಯ ಕೊಳೆರೋಗ ಬೂಷ್ಟಿನದು. ಅದು ಬೇರೆಯೇ ಜೀವಿ, ಹೊರಗಿನಿಂದ ಬರುವಾಗಲೇ ಬೋರ್ಡೊ ತಡೆಯುತ್ತದೆ. ಶ್ರೀಗಂಧದ ಸ್ಪೈಕ್ ಗಿಡದೊಳಗೇ ಇದ್ದರೂ ಸ್ವಂತ ಟೈಪಿಸ್ಟರುಳ್ಳ ಜೀವಿ, ಅವರನ್ನು ಮಾತ್ರ ತಡೆಯುವ ಔಷಧ ಕೆಲವು ಕಾಲವಾದರೂ ಕೆಲಸ ಮಾಡುತ್ತದೆ. ಏಲಕ್ಕಿಯ ಕಟ್ಟೆ, ಬಾಳೆಯ ಕೊಕ್ಕಾನ್ ನಿಜವಾದ ವೈರಸ್ ರೋಗಗಳು. ಅವು ಬಳಸುವುದು ನಿಮ್ಮ ಗಿಡದ ಟೈಪಿಸ್ಟರನ್ನೇ. ಅವರ ಕೈ ಕಟ್ಟಿದರೆ ಗಿಡದ ಕೈಯನ್ನೇ ಕಟ್ಟಿದಂತೆ. ಆದ್ದರಿಂದಲೇ ತೋಟದಲ್ಲಿ ರೋಗ ತಗುಲಿದ ಬಾಳೆಯನ್ನೋ ಏಲಕ್ಕಿಯನ್ನೋ ವಾಸಿ ಮಾಡುವ ಸಿಂಪಡಣೆ ಇಲ್ಲ. ಬೋರ್ಡೊ ಹೊಡೆದರೂ ಇಲ್ಲ, ಪ್ರತಿಜೀವಕ ಕೊಟ್ಟರೂ ಇಲ್ಲ. ವೈರಸ್ ಔಷಧ ಎಂದು ಯಾರಾದರೂ ಬಾಟಲಿ ಮಾರಲು ಬಂದರೆ, ಇದು ವೈರಸ್ಸನ್ನು ಕೊಲ್ಲುತ್ತದೆಯೋ ವೈರಸ್ ತರುವ ಹೇನನ್ನು ಕೊಲ್ಲುತ್ತದೆಯೋ ಎಂದು ಕೇಳಿ. ಹೇನಿನ ಔಷಧವಾದರೆ ಅದಕ್ಕೆ ಅದರದೇ ಉಪಯೋಗವಿದೆ, ಆದರೆ ಆಗಲೇ ರೋಗ ಹಿಡಿದ ಗಿಡ ಅದರಿಂದ ಸುಧಾರಿಸುವುದಿಲ್ಲ. ಹಣ ಕೊಡುವ ಮೊದಲು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲೋ ಅಂಬಲವಯಲಿನ ಸಂಶೋಧನಾ ಕೇಂದ್ರದಲ್ಲೋ ವಿಚಾರಿಸಿ.

ಮಾಡಬಹುದಾದ ಕೆಲಸಗಳು ಇವೆ, ಅವು ಹಳೆಯವೇ. ರೋಗದ ಗಿಡವನ್ನು ಕಂಡ ಕೂಡಲೇ ಬುಡಸಮೇತ ಕಿತ್ತು ನಾಶ ಮಾಡುವುದು. ಏಲಕ್ಕಿಯ ಹಳೆಯ ಒಣ ಎಲೆಕವಚಗಳಲ್ಲಿ ಹೇನು ಮನೆ ಮಾಡುತ್ತದೆ, ಅವನ್ನು ತೆಗೆದು ಶುಚಿಯಾಗಿಡುವುದು. ಆರೋಗ್ಯವಾದ ತೋಟದಿಂದ, ಸಾಧ್ಯವಾದರೆ ವೈರಸ್ ಪರೀಕ್ಷೆ ಮಾಡಿದ ಅಂಗಾಂಶ ಕೃಷಿಯ ಸಸಿಗಳಿಂದ ಮಾತ್ರ ನೆಡುವುದು. ಇದರಲ್ಲಿ ಮೂರನೆಯದು ನಮ್ಮ ಊರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಪೊನ್ಕುಳಿಯಲ್ಲಿ ಕುಳಿತವರಿಗೆ ಗೊತ್ತು, ಮೂಲೆಹೊಳೆ ದಾಟಿ ಗುಂಡ್ಲುಪೇಟೆಯ ಕಡೆಗೂ ಅಲ್ಲಿಂದ ಇತ್ತಲೂ ಹಗಲಿಡೀ ಲಾರಿಗಳು ಓಡುತ್ತವೆ. ಕಂದು, ಗೆಡ್ಡೆ, ಬಿತ್ತನೆ ಎಲ್ಲವೂ ಆಚೀಚೆ ಹೋಗುತ್ತವೆ. ನೋಡಲು ಚೆನ್ನಾಗಿರುವ ಬಾಳೆ ಕಂದಿನೊಳಗೂ ವೈರಸ್ ಇರಬಹುದು. ಕೋಲ್ಮನ್ ಅವರ ಕಸಿಯಲ್ಲಿ ಒಂದು ತುಂಡು ಕೊಂಬೆಯಿಂದ ಇಡೀ ಮರಕ್ಕೆ ರೋಗ ಬಂದಂತೆ, ಒಂದು ಕಂದಿನಿಂದ ಇಡೀ ತೋಟಕ್ಕೆ ಬರಬಹುದು.

ಭರವಸೆಯ ಮಾತೂ ಇದೆ. ಕೆಲವು ದಪ್ಪ ಮೆಣಸಿನಕಾಯಿ, ಬಟಾಣಿ, ಲೆಟ್ಯೂಸ್ ತಳಿಗಳಿಗೆ ಪೋಟಿವೈರಸ್ ತಗುಲುವುದಿಲ್ಲ ಎಂಬುದು ಬಹಳ ಹಿಂದೆಯೇ ಬೆಳೆಗಾರರಿಗೆ ಗೊತ್ತಿತ್ತು. ಕಾರಣ ತಿಳಿದದ್ದು ಇತ್ತೀಚೆಗೆ. ಆ ತಳಿಗಳಲ್ಲಿ ನಾನು ಹೇಳಿದ ಮುಖ್ಯ ಜವಾನನ ರೂಪ ಹುಟ್ಟಿನಿಂದಲೇ ಸ್ವಲ್ಪ ಬೇರೆ. ಗಿಡದ ಕೆಲಸ ನಡೆಯುತ್ತದೆ, ವೈರಸ್ಸಿಗೆ ಮಾತ್ರ ಕೈ ಹಿಡಿಯಲು ಸಿಗುವುದಿಲ್ಲ. ಕೋಳಿಕ್ಕೋಡಿನಲ್ಲಿ ಮುಖ್ಯ ಕಚೇರಿಯಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕಟ್ಟೆ ರೋಗವನ್ನು ತಡೆದುಕೊಳ್ಳುವ ವಿಜೇತ ಎಂಬ ಏಲಕ್ಕಿ ತಳಿಯನ್ನು ಬಿಡುಗಡೆ ಮಾಡಿದ್ದಾರೆ. ಅವರ ಏಲಕ್ಕಿ ಸಂಶೋಧನಾ ಕೇಂದ್ರವಿರುವುದು ಕೊಡಗಿನ ಅಪ್ಪಂಗಳದಲ್ಲಿ. ಏಲಕ್ಕಿ ನೆಡುವವರು ಅಲ್ಲಿ ವಿಚಾರಿಸಬಹುದು.

ಕೋಲ್ಮನ್ ಸಾಹೇಬರ ಬಗ್ಗೆ ಹಿರಿಯರಿಂದ ಕೇಳಿದ ಸಂಗತಿಗಳು, ಹಳೆಯ ಮೈಸೂರು ಕೃಷಿ ಇಲಾಖೆಯ ಪುಸ್ತಿಕೆಗಳು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಸಂಘದ ಗಮನಕ್ಕೆ ತನ್ನಿ. ಮುಂದಿನ ಮಾಸಿಕ ಸಭೆಯಲ್ಲಿ ಲೆಕ್ಕಪತ್ರ ಮಂಡನೆಯ ನಂತರ ಅರ್ಧ ಗಂಟೆ ಈ ವಿಷಯಕ್ಕೇ ಮೀಸಲಿಡಲಾಗಿದೆ. ರೋಗದ ಎಲೆ ತೋರಿಸಬೇಕೆನ್ನುವವರು ಫೋನಿನಲ್ಲಿ ಫೋಟೊ ತೆಗೆದುಕೊಂಡು ಬನ್ನಿ, ಗಿಡವನ್ನೇ ಕಿತ್ತು ತರಬೇಡಿ. ಸಭೆಯ ದಿನ, ವೇಳೆಯನ್ನು ಎಂದಿನಂತೆ ಕಾರ್ಯಕ್ರಮಗಳ ಪುಟದಲ್ಲಿ ಪ್ರಕಟಿಸಲಾಗುವುದು. ಗುಂಡ್ಲುಪೇಟೆ ಕಡೆಯಿಂದ ಬರುವ ಸದಸ್ಯರು ರಾತ್ರಿ 9 ಗಂಟೆಗೆ ಕಾಡಿನ ರಸ್ತೆ ಮುಚ್ಚುವುದನ್ನು ಗಮನದಲ್ಲಿಟ್ಟುಕೊಂಡು ಬೇಗ ಬರಬೇಕಾಗಿ ಕೋರಿಕೆ.


ಕಾರ್ಯದರ್ಶಿ